ಸೊನ್ನೆ ಹಾಕಿದ ಪೀಪಾಯಿ

ಅವನು ಮೂಗನ್ನು ವೈನ್ ಗ್ಲಾಸಿನೊಳಗೆ ಇಳಿಸಿ, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಐದು ಎಣಿಸಿದ. ಐದಕ್ಕೆ ಕಣ್ಣು ತೆರೆದರೆ ನೋಡುವವರಿಗೆ ನಂಬಿಕೆ ಬರುತ್ತದೆ.

“ಮಾಗಿದ ನೇರಳೆ,” ಎಂದ. “ಅದರ ಹಿಂದೆ ನೆನೆದ ಮಣ್ಣು. ಕೊನೆಗೆ, ಹಳೆಯ ಪುಸ್ತಕ.”

ಹನ್ನೆರಡು ಜನ ಪ್ರವಾಸಿಗರು ತಮ್ಮ ತಮ್ಮ ಗ್ಲಾಸುಗಳಲ್ಲಿ ಹಳೆಯ ಪುಸ್ತಕ ಹುಡುಕತೊಡಗಿದರು.

ಎರಡು ವರ್ಷದ ಹಿಂದಿನ ಜ್ವರವೊಂದು ಅವನ ಮೂಗಿನ ಶಕ್ತಿಯನ್ನು ಒಯ್ದಿತ್ತು. ಹೂವೂ ಒಂದೇ, ಸೀಮೆಎಣ್ಣೆಯೂ ಒಂದೇ. ಹೆಂಡತಿಗೂ ಹೇಳಿರಲಿಲ್ಲ. ಇಂದ್ರಿಯಗಳನ್ನು ನಂಬಬೇಡಿ ಎಂದು ಇಪ್ಪತ್ತು ವರ್ಷ ಕಾಲೇಜಿನಲ್ಲಿ ತತ್ವಶಾಸ್ತ್ರ ಕೊರೆದವನಿಗೆ ತಕ್ಕ ಶಾಸ್ತಿ ಎಂದುಕೊಂಡಿದ್ದ.

ಆ ಕೆಲಸ ಬಿಟ್ಟು ಮಾವನ ಪುಟ್ಟ ವೈನ್ ಕಾರ್ಖಾನೆ ಸೇರಿದ್ದ. ವೈನ್ ಮಾಡುವವನು ಭಾವಮೈದ, ಮಾತಾಡುವವನು ಇವನು. ಅಂಗಡಿಗಳಲ್ಲಿ ತಮ್ಮ ಬಾಟಲಿ ಕೇಳುವವರಿಲ್ಲದ ಮೇಲೆ, ಜನರನ್ನೇ ಪೀಪಾಯಿಯ ಹತ್ತಿರ ಕರೆತರೋಣ ಎಂದವನೂ ಇವನೇ. ಇವತ್ತು ಪ್ರವಾಸದ ಏಜೆಂಟ್ ಒಪ್ಪಿದರೆ ವಾರಕ್ಕೊಂದು ಬಸ್ಸು. ಇಲ್ಲದಿದ್ದರೆ ಬಾಗಿಲಿಗೆ ಬೀಗ.

ಭಾವಮೈದ ಒಂದು ಗುಟುಕು ಹೀರಿದವನೇ ಮುಖ ಕಿವಿಚಿದ. ಇವನ ತೋಳು ಹಿಡಿದು ಮೂಲೆಗೆ ಎಳೆದ.

“ಭಾವ, ಮೂರನೇ ಪೀಪಾಯಿಯಿಂದ ಯಾಕೆ ತೆಗೆದ್ರಿ? ಅದು ಪೂರ್ತಿ ಹುಳಿಯಾಗಿದೆ. ಚೆಲ್ಲೋದಕ್ಕೆ ಅಂತ ಸೀಮೆಸುಣ್ಣದಲ್ಲಿ ಸೊನ್ನೆ ಹಾಕಿದ್ದೆನಲ್ಲ!”

“ನಿನ್ನೆ ಎಲ್ಲಾ ಒರೆಸಿಬಿಟ್ಟೆ. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ.”

“ವಾಸನೆಯಾದ್ರೂ ಗೊತ್ತಾಗ್ಲಿಲ್ವಾ?”

“ನೆಗಡಿ.”

“ಎಷ್ಟು ದಿನದಿಂದ?”

“ಎರಡು ವರ್ಷ.”

ಭಾವಮೈದ ತನ್ನ ಗ್ಲಾಸಿನಲ್ಲಿ ಉಳಿದದ್ದನ್ನು ಮೋರಿಗೆ ಸುರಿದ. ಬೈದಿದ್ದರೆ ಚೆನ್ನಾಗಿತ್ತು. ಭಾವಮೈದನ ದುಡಿಮೆಗೆ ಹುಳಿ ಹಿಂಡಲು ಹೊರಗಿನವರು ಯಾರೂ ಬೇಕಿರಲಿಲ್ಲ.

ಕ್ಷಮಿಸಿ, ಇದು ಕೆಟ್ಟುಹೋದ ವೈನ್. ಇಷ್ಟು ಹೇಳಿದರೆ ಸಾಕಿತ್ತು. ಹೇಳಲೆಂದೇ ಇವನು ಪ್ರವಾಸಿಗರ ಕಡೆ ತಿರುಗಿದ.

“ಹಳೇ ಪುಸ್ತಕ... ಹೌದು, ಈಗ ಗೊತ್ತಾಗ್ತಿದೆ,” ಎಂದರು ಕನ್ನಡಕದ ಹೆಂಗಸೊಬ್ಬರು, ಕಣ್ಣಲ್ಲಿ ನೀರು ತುಂಬಿಕೊಂಡು. ಅವರ ಗಂಡ ಕೆಮ್ಮುತ್ತಲೇ ತಲೆಯಾಡಿಸಿದರು. ಮಿಕ್ಕವರಿಗೆ ನೇರಳೆಯೂ ಸಿಕ್ಕಿತು. ಅವನು ಬಾಯಿ ಮುಚ್ಚಿಕೊಂಡ.

ಏಜೆಂಟ್ ಓಡಿಬಂದು ಕೈ ಕುಲುಕಿದ. “ಬೇರೆ ಕಡೆಯೆಲ್ಲ ಒಂದೇ ರುಚಿ ಸರ್. ಇದನ್ನ ಮರೆಯೋಕೇ ಆಗಲ್ಲ. ಪ್ರತಿ ವಾರ ಇದನ್ನೇ ಕೊಡಿ.”

“ಇದನ್ನೇ?”

“ಇದನ್ನೇ. ಬನ್ನಿ, ಆ ಪೀಪಾಯಿ ಮುಂದೆ ಒಂದು ಫೋಟೋ.”

ಭಾವಮೈದ ಜೇಬಿನಿಂದ ಸೀಮೆಸುಣ್ಣ ತೆಗೆದ. ಮೂರನೇ ಪೀಪಾಯಿಯ ಮೇಲೆ ದೊಡ್ಡದೊಂದು ಸೊನ್ನೆ ಎಳೆದು, ತೋಟದ ಕಡೆ ನಡೆದುಬಿಟ್ಟ.

ಇವನು ಪೀಪಾಯಿಯ ಮುಂದೆ ನಿಂತು ಗ್ಲಾಸು ಎತ್ತಿ ಹಿಡಿದು ನಕ್ಕ. ಏಜೆಂಟ್ ಫೋಟೋ ತೆಗೆದು ಮೊಬೈಲು ತಿರುಗಿಸಿ ತೋರಿಸಿದ. ನಗುವ ತಲೆಯ ಹಿಂದೆ, ಒಂದಿಷ್ಟು ಓರೆಯಾಗಿ, ಬೆಳ್ಳನೆಯ ಸೊನ್ನೆ.

“ದೇವರ ಪಟದಲ್ಲಿ ಪ್ರಭೆ ಇರುತ್ತಲ್ಲ, ಹಾಗೇ ಬಂದಿದೆ ಸರ್! ಪೋಸ್ಟರಿಗೆ ಇದೇ.”

ಅವನು ಕರವಸ್ತ್ರ ತೆಗೆದು ಸೊನ್ನೆ ಒರೆಸಲು ತಿರುಗಿದ.

“ಬೇಡ ಸರ್, ಇರಲಿ. ಇನ್ನೊಂದು ತೆಗೀತೀನಿ.”

ಕರವಸ್ತ್ರ ಜೇಬಿಗೆ ಹೋಯಿತು. ಅವನು ತಲೆಯನ್ನು ತುಸು ಎಡಕ್ಕೆ ಸರಿಸಿ, ಸೊನ್ನೆಯ ನಟ್ಟನಡುವೆ ತಂದು ನಿಲ್ಲಿಸಿಕೊಂಡ.