ಪ್ರಬೋಧನೆಯ ನಡುವಿನ ಗರಿ

ತೆಂಗಿನ ಗರಿಯಾಗಿ ಹುಟ್ಟಿದವರ ಹಣೆಬರಹ ಇಷ್ಟೇ: ಒಂದೋ ಚಪ್ಪರ, ಇಲ್ಲವೇ ಪೊರಕೆ. ಸಿದ್ದೇಗೌಡರ ತೋಟದಲ್ಲಿ ಕಣ್ಣು ಬಿಟ್ಟಾಗ ನಾನೂ ಪೊರಕೆಯಾಗುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆದರೆ ನನಗಿನ್ನೂ ಎಳೆ ಹಳದಿ ಬಣ್ಣ ಇರುವಾಗಲೇ ಮಚ್ಚು ಬಂತು. ಪಕ್ಕದ ಕ್ರೈಸ್ತರ ಕೇರಿಗೆ ಗರಿಗಳ ಭಾನುವಾರಕ್ಕೆ ಎಳೆಗರಿ ಬೇಕಂತೆ, ಗೌಡರು ವರ್ಷಾ ವರ್ಷಾ ಕೊಡುವುದು ವಾಡಿಕೆಯಂತೆ. ನನ್ನನ್ನು ಯಾರೂ ಕೇಳಲಿಲ್ಲ.

ಕೇರಿಯ ದೇವಾಲಯದ ಮುಂದೆ ಗುರುಗಳು ನಮ್ಮ ಮೇಲೆ ತೀರ್ಥ ಚಿಮುಕಿಸಿದರು. ಜನ ನಮ್ಮನ್ನು ಎತ್ತಿ ಹಿಡಿದು ಹಾಡುತ್ತ ಒಳಗೆ ಹೋದರು. ನಾನು ಸಗಾಯಮ್ಮನ ಕೈಯಲ್ಲಿದ್ದೆ. ಆಕೆ ಶಿವಮೊಗ್ಗದ ಕಡೆಯಿಂದ ಹೊಸದಾಗಿ ಈ ಊರಿಗೆ ಸೊಸೆಯಾಗಿ ಬಂದವಳು. ಬೇರೆಯವರು ಗರಿಯನ್ನು ಶಿಲುಬೆಯಾಗಿ ಮಡಿಸಿ ಬಾಗಿಲ ಮೇಲೆ ಸಿಕ್ಕಿಸಿದರೆ, ಇವಳು ನನ್ನನ್ನು ಪುಸ್ತಕದೊಳಗೆ ಗುರುತಿಗೆ ಇಟ್ಟುಕೊಂಡಳು. ಮುಂದಿನ ಬೂದಿ ಬುಧವಾರಕ್ಕೆ ಮೊದಲು ಹಳೆಯ ಗರಿಗಳನ್ನೆಲ್ಲ ದೇವಾಲಯಕ್ಕೆ ಮರಳಿಸಬೇಕು. ಅಲ್ಲಿ ಸುಟ್ಟು, ಆ ಬೂದಿಯನ್ನೇ ಎಲ್ಲರ ಹಣೆಗೆ ಹಚ್ಚುತ್ತಾರೆ. ಹಾಗಾಗಿ ನನ್ನ ಆಯಸ್ಸು ಎಷ್ಟೆಂದು ಮೊದಲ ದಿನವೇ ತಿಳಿದಿತ್ತು.

ಪುಸ್ತಕ ಸವೇರಪ್ಪ ಸ್ವಾಮಿಗಳದ್ದು. ಹಿಂದೆ ಇದೇ ಊರಿನಲ್ಲಿ ಗುರುಗಳಾಗಿದ್ದವರು. ಭಾನುವಾರದ ಮಾತನ್ನು ಬರೆದುಕೊಳ್ಳದೆ ಅವರು ಪೀಠ ಹತ್ತುತ್ತಿರಲಿಲ್ಲವಂತೆ. ಅವರು ತೀರಿಕೊಂಡ ಮೇಲೆ ಯಾರೋ ಪುಣ್ಯಾತ್ಮರು ಅದನ್ನೆಲ್ಲ ಒಟ್ಟುಮಾಡಿ ಅಚ್ಚು ಹಾಕಿಸಿದರು. ಮೊದಲ ಅರ್ಧ ಪ್ರಬೋಧನೆಗಳು, ಕೊನೆಯ ಅರ್ಧ ಪ್ರಾರ್ಥನೆಗಳು. ಸಗಾಯಮ್ಮ ದಿನಾ ಸಂಜೆ ಜಪಸರ ಮುಗಿಸಿ ಒಂದು ಪ್ರಾರ್ಥನೆ ಓದುವಳು, ಭಾನುವಾರವಾದರೆ ಒಂದು ಪ್ರಬೋಧನೆ. ಸುಳ್ಳು ಯಾಕೆ ಹೇಳಲಿ, ಕೆಲವು ಪ್ರಬೋಧನೆಗಳು ಉದ್ದವೋ ಉದ್ದ. ಅವಳ ಗಂಡ ಅಂತೋಣಿ ಎರಡನೆಯ ಪುಟಕ್ಕೇ ತೂಕಡಿಸುತ್ತಿದ್ದ, ಅವನ ಜೊತೆಗೆ ನಾನೂ.

ನಿಜವಾಗಿ ಕೇಳುತ್ತಿದ್ದವನು ಮಾವ ಇನ್ನಾಸಪ್ಪ. ಆದರೆ ಕೇಳುತ್ತೇನೆಂದು ಒಪ್ಪುವ ಆಸಾಮಿಯಲ್ಲ. ಹೊರಗೆ ಜಗುಲಿಯ ಮೇಲೆ ಆ ಕಡೆ ಮುಖ ಮಾಡಿ ಬೀಡಿ ಸೇದುತ್ತ ಕೂರುವನು. ಸೊಸೆಯ ದನಿ ತಗ್ಗಿದರೆ ಕೆಮ್ಮುವನು. ಅವಳು ಗಟ್ಟಿಯಾಗಿ ಓದಿದರೆ ಕೆಮ್ಮು ತಾನಾಗಿಯೇ ವಾಸಿಯಾಗುತ್ತಿತ್ತು. ಈ ಮುದುಕ ದೇವಾಲಯದ ಹೊಸ್ತಿಲು ತುಳಿದು ಇಪ್ಪತ್ತು ವರ್ಷದ ಮೇಲಾಗಿತ್ತು. ಯಾಕೆಂದು ಸೊಸೆಗೆ ಯಾರೂ ಹೇಳಿರಲಿಲ್ಲ.

ಮಳೆಗಾಲದ ಒಂದು ಭಾನುವಾರ ಅವಳು ಹೊಸ ಪ್ರಬೋಧನೆ ತೆಗೆದಳು. ಒಂದೂರಿನಲ್ಲಿ ಒಬ್ಬ ತಮ್ಮ ಅಣ್ಣನ ಮಣ್ಣಿಗೆ ಬರಲಿಲ್ಲ ಎಂದು ಅದು ಶುರುವಾಗುತ್ತಿತ್ತು. ಓಣಿಯ ಆ ತುದಿಗೆ ಅಣ್ಣನ ಮನೆ, ಈ ತುದಿಗೆ ತಮ್ಮನದು. ಪೆಟ್ಟಿಗೆ ಹೊತ್ತವರು ತಮ್ಮನ ಬಾಗಿಲ ಮುಂದೆಯೇ ಹಾದುಹೋದರು. ಬಾಗಿಲು ತೆರೆಯಲಿಲ್ಲ. ಎಡಗಡೆಯ ಪುಟ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಇನ್ನಾಸಪ್ಪ ಜಗುಲಿಯಿಂದ ಎದ್ದು ಒಳಗೆ ಬಂದಿದ್ದ.

“ಸಾಕು, ನಿಲ್ಸವ್ವ,” ಅಂದ.

ಅವಳು ಗಾಬರಿಯಾಗಿ ನನ್ನನ್ನು ಆ ಸಂದಿಗೆ ತುರುಕಿ ಪುಸ್ತಕ ಮುಚ್ಚಿದಳು. ಮುದುಕ ಹೊರಗೆ ಹೋದ ಮೇಲೆ ಅಂತೋಣಿ ವಿಷಯ ಬಿಚ್ಚಿದ. ಆ ತಮ್ಮ ಬೇರೆ ಯಾರೂ ಅಲ್ಲ, ಅಪ್ಪನೇ. ನಡುಗೋಡೆಯ ಜಗಳಕ್ಕೆ ಅಣ್ಣತಮ್ಮಂದಿರ ಮಾತು ನಿಂತಿತ್ತು. ದೊಡ್ಡಪ್ಪ ಸತ್ತಾಗ ಅಪ್ಪ ಹೋಗಲಿಲ್ಲ. ಮುಂದಿನ ಭಾನುವಾರವೇ ಸ್ವಾಮಿಗಳು ಪೀಠದಿಂದ ಇದನ್ನು ಎತ್ತಿದರು. ಅಪ್ಪ ಅರ್ಧಕ್ಕೇ ಎದ್ದು ಅಮ್ಮನನ್ನೂ ಚಿಕ್ಕವನಾಗಿದ್ದ ಅಂತೋಣಿಯನ್ನೂ ಕರೆದುಕೊಂಡು ಹೊರಟುಬಂದ. ಅವತ್ತು ಮಧ್ಯಾಹ್ನ ಸ್ವಾಮಿಗಳು ಮನೆಗೇ ಬಂದು ಬಾಗಿಲು ತಟ್ಟಿದರೂ, ಊರ ಮುಂದೆ ಬೈದದ್ದು ಸಾಲದೆಂದು ಇಲ್ಲಿಗೂ ಬಂದರೋ ಎಂದು ಅಪ್ಪ ತೆಗೆಯಲಿಲ್ಲ. ಸ್ವಾಮಿಗಳಿಗೆ ಬೇಗನೆ ವರ್ಗವಾಯಿತು. ಅಮ್ಮನೂ ತೀರಿಕೊಂಡಳು.

ಅಲ್ಲಿಂದ ನನ್ನ ಕಷ್ಟಕಾಲ. ಎಡಗಡೆ ಆತ ಕೇಳಿದ ಅರ್ಧ, ಬಲಗಡೆ ಆತ ಕೇಳದ ಅರ್ಧ, ನಡುವೆ ನಾನು. ಬಲಗಡೆಯ ಪುಟಕ್ಕೆ ಮುಖವೊತ್ತಿ ತಿಂಗಳುಗಟ್ಟಲೆ ಮಲಗಿದರೆ ಅಲ್ಲಿ ಏನಿದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ನನಗೆ ಬಾಯಿ ಇರಲಿಲ್ಲ. ಬಾಯಿ ಇದ್ದ ಊರಿನವರು ಅವತ್ತು ಪೂರ್ತಿ ಕೇಳಿಸಿಕೊಂಡಿದ್ದರು. ಅವರೂ ಹೇಳಲಿಲ್ಲ, ಅದಕ್ಕೆ ಕಾರಣವೂ ಅದೇ ಪುಟದಲ್ಲಿತ್ತು. ಸಗಾಯಮ್ಮ ಮಾವನಿಗೆ ನೋವಾದೀತೆಂದು ಆ ಪುಟ ತೆರೆಯಲೇ ಇಲ್ಲ. ಕೊನೆಯ ಭಾಗದ ಪ್ರಾರ್ಥನೆಗಳನ್ನಷ್ಟೇ ಓದುತ್ತಿದ್ದಳು. ಜಗುಲಿಯ ಕೆಮ್ಮು ನಿಂತುಹೋಯಿತು. ನಾನು ಒಣಗುತ್ತ ಬಂದೆ. ಬೂದಿಯಾಗುವುದಕ್ಕೆ ನನಗೆ ಬೇಸರವಿರಲಿಲ್ಲ. ಈ ಪುಟವನ್ನು ಯಾರೂ ಓದದೆಯೇ ಹೋಗಬೇಕಲ್ಲ ಎಂಬ ಸಂಕಟ ಮಾತ್ರ ಇತ್ತು.

ಬೂದಿ ಬುಧವಾರಕ್ಕೆ ಮುಂಚಿನ ಭಾನುವಾರ ಹಳೆಯ ಗರಿ ತರಬೇಕೆಂದು ದೇವಾಲಯದಲ್ಲಿ ಸಾರಿದರು. ಸಂಜೆ ಅವಳು ಪುಸ್ತಕ ಬಿಡಿಸಿ ನನ್ನ ತುದಿ ಹಿಡಿದಳು.

“ಅದನ್ನ ತೆಗುದ್ರೆ ಗುರ್ತು ಹೋಯ್ತದಲ್ಲವ್ವ,” ಜಗುಲಿಯಿಂದ ಮಾತು ಬಂತು. ಅಲ್ಲಿಗೆ ಮುದುಕನಿಗೂ ನಾನೆಲ್ಲಿದ್ದೇನೆಂಬ ಲೆಕ್ಕ ಇತ್ತು.

“ಓದಿ ಮುಗಿಸಿಬಿಟ್ರೆ ಗುರುತು ಯಾಕೆ ಮಾವ?” ಅಂದಳು.

ಅವನು ಬೀಡಿ ಆರಿಸಿ ಒಳಗೆ ಬಂದು ಗೋಡೆಗೊರಗಿ ಕೂತ. ಅವಳು ಓದಿದಳು.

“ನೀವೆಲ್ಲ ಅವನ ಕಡೆ ಬೆರಳು ತೋರಿಸುತ್ತೀರಿ. ಅಣ್ಣ ಹೋದ ಸುದ್ದಿಯನ್ನು ಅವನ ಬಾಗಿಲಿಗೆ ಹೋಗಿ ಹೇಳಿದವರು ಯಾರು? ಮಾತು ಬಿಟ್ಟ ಮನೆಗೆ ಕರೆಯದೆ ಹೇಗೆ ಬರುತ್ತಾನೆ? ಒಗೆದ ಪಂಚೆ ಉಟ್ಟು ಅವನು ಆ ಬಾಗಿಲ ಹಿಂದೆಯೇ ಕಾಯುತ್ತಿದ್ದನೋ ಏನೋ. ನೀವು ಹೋಗಲಿಲ್ಲ. ಗುರುವಾದ ನಾನೂ ಹೋಗಲಿಲ್ಲ. ಇವತ್ತು ಅವನ ಮನೆಗೆ ಹೋಗಿ ಕ್ಷಮೆ ಕೇಳುತ್ತೇನೆ. ಬರುವವರು ನನ್ನ ಜೊತೆ ಬನ್ನಿ.”

ಅವಳು ನಿಲ್ಲಿಸಿದಳು.

“ಪಂಚೆ ಉಟ್ಕಂಡೇ ಕೂತಿದ್ದೆ ಕಣವ್ವ,” ಅಂದ ಇನ್ನಾಸಪ್ಪ. “ಸ್ವಾಮಿಗಳು ಬಂದಿದ್ರು. ನಾನೇ ಬಾಗ್ಲು ತೆಗೀಲಿಲ್ಲ.” ಆಮೇಲೆ ಅತ್ತ. ಅಂತೋಣಿ ಅಪ್ಪ ಅತ್ತದ್ದನ್ನು ನೋಡಿದ್ದು ಅದೇ ಮೊದಲಂತೆ.

ನನ್ನನ್ನು ದೇವಾಲಯಕ್ಕೆ ಒಯ್ದವನು ಅವನೇ. ಊರಿನವರು ದಾರಿ ಬಿಟ್ಟು ನಿಂತರು, ಕೆಲವರು ನೆಲ ನೋಡಿದರು. ನಾನು ಉರಿದೆ. ಹೇಳಿಕೊಳ್ಳುವಂಥ ನೋವೇನೂ ಆಗಲಿಲ್ಲ. ಬುಧವಾರ ಗುರುಗಳ ಹೆಬ್ಬೆರಳಿನಿಂದ ಇನ್ನಾಸಪ್ಪನ ಹಣೆಗೆ ಬಂದೆ.

ಈಗ ಅಲ್ಲೇ ಇದ್ದೇನೆ. ಬೆವರು ಇಳಿದರೆ ಮುಗಿಯಿತು, ಅದಕ್ಕೇ ಬೇಗ ಹೇಳುತ್ತಿದ್ದೇನೆ. ಪೀಠದ ಮಾತನ್ನು ಬಿಟ್ಟು ಎದ್ದುಹೋದವನಿಗೆ ಅದು ಮತ್ತೆ ಸಿಗುವುದಿಲ್ಲ. ಪುಸ್ತಕದ ಮಾತು ಅವನ ಸಿಟ್ಟು ಇಳಿಯುವ ತನಕ ಅದೇ ಪುಟದಲ್ಲಿ ಕಾಯುತ್ತದೆ. ತಿಂಗಳುಗಟ್ಟಲೆ ಅದರ ಜೊತೆ ಕಾದವನು ನಾನು, ಹಾಗಾಗಿ ನನ್ನ ಮಾತು ನಂಬಬಹುದು.

ಪೂಜೆ ಮುಗಿದ ಮೇಲೆ ಇನ್ನಾಸಪ್ಪ ಮನೆಗೆ ಹೋಗಲಿಲ್ಲ. ದೇವಾಲಯದ ಹಿಂದಿನ ಸಮಾಧಿಗಳ ನಡುವೆ ಅಣ್ಣನ ಹೆಸರು ಹುಡುಕಿಕೊಂಡು ಹೋದ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು, ಅಣ್ಣನ ಮೇಲೆ ಹಾಕಿದ.