ದೀಪದ ಬಿಲ್ಲಿ

ಬೆಳಗಾವಿಯ ರವಿವಾರ ಪೇಟೆಯ ಅಂಗಡಿಕಾರ ಚೇತನನಿಗೆ ಮಾಲಿಗೆಲ್ಲ ಮನೆಮಾತಿನ ಹೆಸರಿಡುವ ಚಟ. ತಾನು ಮಾರುವ ಪ್ಲಾಸ್ಟಿಕ್ ದೀಪದೊಳಗಿನ ಗುಂಡನೆಯ ಚಪ್ಪಟೆ ಸೆಲ್ಲಿಗೆ, ನಾಣ್ಯಕ್ಕೆ ಅನ್ನುವ ಹಾಗೆ, 'ಬಿಲ್ಲಿ' ಎಂದು ಹೆಸರಿಟ್ಟವನು ಅವನೇ. ಆ ದೀಪದಲ್ಲಿ ಎರಡು ಜಾತಿ. ಒಂದರ ತಳಕ್ಕೆ ಸ್ಕ್ರೂ ಬಿಗಿದಿರುತ್ತದೆ, ಇನ್ನೊಂದರ ಮುಚ್ಚಳ ಉಗುರು ತಾಗಿದರೂ ತೆರೆಯುತ್ತದೆ. ಖಾನಾಪುರದ ತನ್ನ ಮನೆಯ ದೇವರ ಜಗುಲಿಗೆ ಅವನು ಎರಡನೆಯದನ್ನೇ ಒಯ್ದಿದ್ದ.

"ಮಂಕಾದ್ರ ಈ ಬಿಲ್ಲಿ ತಗದು ಬ್ಯಾರೆ ಹಾಕವ್ವಾ. ಸ್ಕ್ರೂ ತಿರುವೂ ಉಸಾಬರಿ ಇಲ್ಲ," ಎಂದು ತಾಯಿ ಸಂಗವ್ವನಿಗೆ ಕಲಿಸಿಯೂ ಕೊಟ್ಟಿದ್ದ.

ಅವತ್ತು ಮುಂಜಾನೆ ಹೆಂಡತಿ ನಿಖಿತಾ ಶಾಲೆಗೆ ಪಾಠ ಹೇಳಲು ಹೋಗಿದ್ದಳು. ಚೇತನ ಬೆಳಗಾವಿಗೆ ಬಂದು ಅಂಗಡಿ ತೆರೆದಿದ್ದ. ಸಂಗವ್ವನ ಫೋನು ಬಂತು.

"ಚೇತ್ಯಾ, ಸಮೃದ್ಧಿ ಬಿಲ್ಲಿ ನುಂಗ್ಯಾಳೋ."

ಸಮೃದ್ಧಿ ಅವನ ಒಬ್ಬಳೇ ಮಗಳು, ಇನ್ನೂ ತೊದಲು ಮಾತಿನವಳು. ಆದರೆ ನಾಣ್ಯ ನುಂಗದ ಕೂಸು ಈ ಸೀಮೆಯಲ್ಲಿ ಯಾವುದಿದೆ? ಚಿಕ್ಕವನಿದ್ದಾಗ ಅವನೂ ಎಂಟಾಣೆ ಬಿಲ್ಲಿ ನುಂಗಿದ್ದ.

"ಉಸಿರಾಡಾಕತ್ತಾಳಿಲ್ಲೋ?"

"ಆಡಾಕತ್ತಾಳ. ಜೊಲ್ಲು ಭಾಳ ಸುರಸಾಕತ್ತಾಳ."

"ಬಾಳಿಹಣ್ಣು ತಿನಸವ್ವಾ. ತಾನ ಹೊರಗ ಬರ್ತೈತಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚೇತನ ವ್ಯಾಪಾರಕ್ಕೆ ತಿರುಗಿದ.

ಮಧ್ಯಾಹ್ನ ಹಳೆಯ ಗಿರಾಕಿ ಗುರುಪುತ್ರಪ್ಪ ಬಂದು, "ದೀಪದ ಬಿಲ್ಲಿ ಕೊಡಪಾ," ಎಂದ. ಸೆಲ್ಲು ತೆಗೆಯಲು ಹೋದ ಚೇತನನ ಕೈ ಅಲ್ಲೇ ನಿಂತಿತು. ಮನೆಗೆ ಫೋನು ಹಚ್ಚಿದ.

"ಅವ್ವಾ, ಯಾವ ಬಿಲ್ಲಿ? ರೊಕ್ಕದ್ದೋ, ದೀಪದ್ದೋ?"

"ದೀಪದ್ದ. ನೀನ ಹೇಳಿದ್ಯಲ್ಲಾ, ಅದಕ್ಕ ಬಿಲ್ಲಿ ಅಂತಾರ ಅಂತ."

ಬಾಜು ಮನೆಯವರ ಗಾಡಿಯಲ್ಲಿ ಮಗುವನ್ನು ಬೆಳಗಾವಿಯ ಆಸ್ಪತ್ರೆಗೆ ತಂದರು. ಸೆಲ್ಲು ಹೊರತೆಗೆದ ಮೇಲೆ ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾಣ್ಯ ಸುಡೂದಿಲ್ರಿ, ಇದು ಸುಡತೈತಿ. ಏನೂ ತಿನಸದ ಸೀದಾ ತರಬೇಕಾಗಿತ್ತು. ಜೀವ ಉಳದೈತಿ, ಖರೇ. ಆದ್ರ ಅನ್ನನಾಳ ಸುಟ್ಟೈತಿ. ಬಾಯಿಲೆ ಯಾವಾಗ ತಿಂತಾಳಂತ ಈಗ ಹೇಳಾಕ ಆಗೂದಿಲ್ರಿ."

ಹೊರಗೆ ಬೆಂಚಿನ ಮೇಲೆ ಸಂಗವ್ವ ಶಾಲೆಯಿಂದ ಓಡಿಬಂದ ಸೊಸೆಯ ಕೈ ಹಿಡಿದು ಅಳುತ್ತಿದ್ದಳು. "ತಪ್ಪು ನಂದ ಐತಿ, ನಿಖಿತಾ. ನಾ ಸೆಲ್ಲು ಅನಬೇಕಾಗಿತ್ತು."

ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಚೇತನನಿಗೆ ಸುಮ್ಮನಿರಲು ಆಗಲಿಲ್ಲ.

"ನಿಂದಲ್ಲವ್ವಾ. ಆ ಹೆಸರ ಇಟ್ಟಾಂವ ನಾನ. ಸ್ಕ್ರೂ ಬ್ಯಾಡ ಅಂದಾಂವನೂ ನಾನ. ಬಾಳಿಹಣ್ಣು ತಿನಸಂತ ಹೇಳಿದಾಂವನೂ ನಾನ."

ನಿಖಿತಾ ಅವನ ಮುಖ ನೋಡಲಿಲ್ಲ. ಎದ್ದು ಮಗಳ ಹತ್ತಿರ ಹೋದಳು.

ಕೆಲವು ದಿನಗಳ ಮೇಲೆ ಸಮೃದ್ಧಿ ಕಣ್ಣರಳಿಸಿ ನೋಡತೊಡಗಿದಳು. ಮೂಗಿನಲ್ಲಿ ನಳಿಕೆ ಇತ್ತು, ದನಿ ಒಡೆದಿತ್ತು. ನೋಡಲು ಬಂದವರು ಯಾರೋ, ತಿಳಿಯದೆ, ಮಂಚದ ಬದಿಗೆ ಬಾಳೆಹಣ್ಣು ಇಟ್ಟು ಹೋಗಿದ್ದರು. ಮಗು ಅತ್ತ ಬೆರಳು ತೋರಿಸಿತು.

"ಅಪ್ಪಾ, ಹಣ್ಣು."

ಚೇತನ ಹಣ್ಣುಗಳನ್ನು ಅಂಗಿಯೊಳಗೆ ಮುಚ್ಚಿಕೊಂಡು ಹೊರಗೆ ಹೋದ.