ಮೈಕಿನ ಹಿಂದೆ ನಿಂತವನು

ಅಕ್ಕ ಪಂಕಜಾಕ್ಷಿ ತೀರಿಕೊಂಡ ಮೇಲೆ ಶಾಂಭವಿ ಭಾವ ಓಂಕಾರೇಶನ ಜೊತೆ ಮಾತು ಬಿಟ್ಟಿದ್ದಳು. ಶಿವಗಣಾರಾಧನೆಯ ದಿನ ಅಜ್ಜಂಪುರದ ಮನೆಯಲ್ಲಿ, ನೆಂಟರೆಲ್ಲ ಕೂತಿದ್ದಾಗಲೇ, “ನನಗೊಂದು ಮಾತು ತಿಳಿಸೋಕೆ ಆಗ್ಲಿಲ್ವಾ ನಿಮ್ಗೆ?” ಎಂದು ಕೇಳಿದ್ದಳು. ಓಂಕಾರೇಶ್ ತಲೆ ತಗ್ಗಿಸಿ ನಿಂತಿದ್ದ. ಅವಳು ಊಟ ಮಾಡದೆ ಕಡೂರಿಗೆ ಹೊರಟುಬಂದಳು. ಆಮೇಲೆ ಅವನ ಫೋನ್ ಎತ್ತಲಿಲ್ಲ.

ಅವಳು ಕಡೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಡಾಕ್ಟರೇಟ್ ಮಾಡಲು ರಜೆ ಹಾಕಿ ಧಾರವಾಡಕ್ಕೆ ಹೋಗಿದ್ದಾಗ ಇತ್ತ ಅಕ್ಕನ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಫೋನಿನಲ್ಲಿ ಮಾತ್ರ ಅಕ್ಕ ಎಂದಿನ ದನಿಯಲ್ಲೇ ಇರುತ್ತಿದ್ದಳು. “ಚೆನ್ನಾಗಿದೀನಿ ಕಣೇ. ಬಿಸ್ಲಿಗೆ ಸ್ವಲ್ಪ ಸುಸ್ತು, ಅಷ್ಟೆ. ನೀನು ಮೊದ್ಲು ಅದನ್ನ ಮುಗಿಸ್ಕೊಂಡು ಬಾ.” ಧಾರವಾಡದ ರೈಲು ಅಜ್ಜಂಪುರದ ಮೇಲೇ ಹೋಗುತ್ತಿತ್ತು. ಆ ವರ್ಷ ಶಾಂಭವಿ ಒಮ್ಮೆಯೂ ಅಲ್ಲಿ ಇಳಿದಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಮಗಳು ಸ್ಫೂರ್ತಿ ಕರೆದಳು. “ಅಮ್ಮಾ, ನೀನೂ ದೊಡ್ಡಮ್ಮನೂ ನೋಡ್ತಿದ್ರಲ್ಲ, ಆ ‘ಗಗನಮುಖಿ’ ಸಿಕ್ಕಿದೆ ಬಾ. ಯಾರೋ ಹಳೇ ಕ್ಯಾಸೆಟ್ಟಿಂದ ನೆಟ್ಟಿಗೆ ಹಾಕಿದಾರೆ.”

ಅದು ಅಕ್ಕತಂಗಿಯರಿಗೆ ಪ್ರಾಣವಾಗಿದ್ದ ಧಾರಾವಾಹಿ. ಅದರಲ್ಲೂ ‘ಕೊನೆಯ ಸಂಪರ್ಕ’ ಎಂಬ ಕಂತು. ಚಿಕ್ಕವರಿದ್ದಾಗ ಶಾಂಭವಿ ಹಾಸಿಗೆಯ ಸುರುಳಿಯ ಮೇಲೆ ಕೂತು ನೌಕೆ ಓಡಿಸುತ್ತಿದ್ದಳು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೌಟನ್ನೇ ಮೈಕು ಮಾಡಿಕೊಂಡು, ಭೂಮಿಯಿಂದ ಮಾತಾಡುತ್ತಿದ್ದಳು.

ರಟ್ಟಿನ ನೌಕೆ ಅಲ್ಲಾಡುವುದನ್ನು ಕಂಡು ಸ್ಫೂರ್ತಿ ನಕ್ಕಳು, ಶಾಂಭವಿಯೂ ನಕ್ಕಳು. ಕತೆ ಇಷ್ಟೇ. ನಭೋಜ ಎಂಬ ಯಾತ್ರಿಕ ದೂರದ ಗ್ರಹಕ್ಕೆ ಹೊರಟಿದ್ದಾನೆ. ಭೂಮಿಯ ಕೇಂದ್ರದಲ್ಲಿ ಮೈಕಿನ ಮುಂದೆ ಅವನಕ್ಕ ವಸುಧಾ. ಕೇಂದ್ರದಲ್ಲಿ ವಿಷಾನಿಲ ಸೋರಿ ಅವಳು ಸಾಯುತ್ತಿದ್ದಾಳೆ. ಗೊತ್ತಾದರೆ ತಮ್ಮ ಹಿಂದಿರುಗುತ್ತಾನೆ. “ಇಲ್ಲಿ ಎಲ್ಲ ಕ್ಷೇಮ, ನೀನು ಮುಂದೆ ಹೋಗು” ಎನ್ನುತ್ತಾಳೆ.

ಈ ಮಾತು ಬರುತ್ತದೆಂದು ಶಾಂಭವಿಗೆ ಗೊತ್ತಿತ್ತು. ಆದರೂ ಅದು ಅಕ್ಕನ ದನಿಯಲ್ಲೇ ಕೇಳಿದಂತಾಗಿ ಅವಳು ಕಣ್ಣು ಬೇರೆಡೆ ತಿರುಗಿಸಿದಳು. ಹಾಗೆ ತಿರುಗಿದ ಕಣ್ಣು ತೆರೆಯ ಮೂಲೆಯಲ್ಲಿ ನಿಂತಿತು. ವಸುಧಾಳ ಹಿಂದೆ ಒಬ್ಬ ಸಹಾಯಕನಿದ್ದ. ಅವನಿಗೆ ಒಂದೂ ಮಾತಿರಲಿಲ್ಲ. ಅವನ ಕೈ ಮೈಕಿನತ್ತ ಚಾಚಿಕೊಳ್ಳುತ್ತಿತ್ತು, ವಸುಧಾ ತಿರುಗಿ ನೋಡಿದರೆ ಇಳಿಯುತ್ತಿತ್ತು. ಕೊನೆಗೆ ಅವನು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ.

“ಇವನು ಇದ್ದ ಅಂತಾನೇ ನನಗೆ ಗೊತ್ತಿರ್ಲಿಲ್ಲ ಕಣೇ,” ಎಂದಳು ಶಾಂಭವಿ.

“ಯಾರು?”

ಶಾಂಭವಿ, ನೌಕೆ ಇಳಿಯುವುದನ್ನು, ಅಕ್ಕತಂಗಿಯರಿಬ್ಬರೂ ಕಾದು ನೋಡುತ್ತಿದ್ದ ಆ ದೃಶ್ಯವನ್ನು, ನೋಡದೆ ಎದ್ದುಹೋದಳು.

ಮಾರನೆಯ ದಿನ ಕಾಲೇಜಿಗೆ ರಜೆ ಹಾಕಿ ಅಜ್ಜಂಪುರದ ಬಸ್ಸು ಹತ್ತಿದಳು. ಓಂಕಾರೇಶನದು ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ. ತಾಮ್ರದ ತಂತಿ ಸುತ್ತುತ್ತಿದ್ದವನು ಅವಳನ್ನು ಕಂಡು ಎದ್ದ. ಬಹಳ ಇಳಿದುಹೋಗಿದ್ದ.

“ಬಾ ಶಾಂಭವಿ,” ಎಂದು ಬಟ್ಟೆಯಿಂದ ಕುರ್ಚಿ ಒರೆಸಿದ.

“ಭಾವ, ಅವತ್ತು ಎಲ್ಲರ ಮುಂದೆ ಕೇಳ್ದಾಗ ನೀವ್ಯಾಕೆ ಏನೂ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ನೀನು ಕೇಳಿದ್ದು ಸರಿಯಾಗೇ ಇತ್ತು.”

“ಅಕ್ಕ ಬೇಡ ಅಂದಿದ್ಲಾ?”

“ಆಣೆ ಹಾಕಿಸ್ಕೊಂಡಿದ್ಲು. ನೀನು ಓದು ಬಿಟ್ಟು ಬಂದ್ಬಿಡ್ತೀಯ ಅಂತ.” ಅವನು ತಂತಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡ. “ಡಯಾಲಿಸಿಸ್‌ಗೆ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ವಾಗ ಒಂದ್ಸಲ ತಡೀಲಾರ್ದೆ ನಿನಗೆ ಫೋನ್ ಮಾಡ್ದೆ. ನೀನು ಹಲೋ ಅಂದೆ. ಪಕ್ಕದಲ್ಲಿ ಕೂತಿದ್ಲಲ್ಲ, ನನ್ನ ಮುಖಾನೇ ನೋಡಿದ್ಲು. ಕಟ್ ಮಾಡ್ಬಿಟ್ಟೆ.”

ಶಾಂಭವಿಗೆ ಆ ಕರೆ ನೆನಪಿತ್ತು. ಕೈತಪ್ಪಿ ಬಂದಿರಬೇಕೆಂದು ಫೋನನ್ನು ಮಗುಚಿಟ್ಟು ಕೆಲಸಕ್ಕೆ ಕೂತಿದ್ದಳು.

“ಕೊನೇಗೆ ನನ್ನ ಕೇಳಿದ್ಲಾ ಭಾವ?”

ಅವನು ಮತ್ತೆ ತಂತಿ ಸುತ್ತಲು ಹೊರಟ. “ಬೇಡ ಬಿಡು.”

“ಹೇಳಿ.”

“ಕೇಳಿದ್ಲು. ಅಷ್ಟೊತ್ತಿಗೆ ಪೂರ್ತಿ ಎಚ್ಚರ ಇರ್ಲಿಲ್ಲ ಅವಳಿಗೆ. ‘ಶಾಂಭವಿ ಬಂದ್ಳಾ’ ಅಂದ್ಲು. ಬರ್ತಿದಾಳೆ, ರೈಲಲ್ಲಿದಾಳೆ ಅಂದೆ. ಸುಳ್ಳು. ನಿನಗೆ ವಿಷಯ ತಿಳಿಸೋಕೆ ಫೋನ್ ಮಾಡಿದ್ದೇ ಅದಾದ್ಮೇಲೆ.” ಅವನು ತಂತಿಯನ್ನು ಕೆಳಗಿಟ್ಟ. “ಅವಳು ನಂಬಿದ್ಲು. ಮುಖ ಒರೆಸು, ಬಾಚಣಿಗೆ ತಗೊಂಡ್ಬಾ ಅಂದ್ಲು.”

ಶಾಂಭವಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಓಂಕಾರೇಶ್ ಏನು ಮಾಡಬೇಕೆಂದು ತಿಳಿಯದೆ ಹೊರಗೆ ಹೋಗಿ ಎರಡು ಟೀ ತಂದಿಟ್ಟ. ಯಾರೂ ಕುಡಿಯಲಿಲ್ಲ. ಮೋಟಾರು ಕೇಳಿಕೊಂಡು ಬಂದ ರೈತನೊಬ್ಬ ಬಾಗಿಲಲ್ಲಿ ನಿಂತು ನೋಡಿ, ಹಿಂದಿರುಗಿದ.

ಅವಳ ಕೋಪ ಹೋಗಿತ್ತು. ಆ ಜಾಗದಲ್ಲಿ ಉಳಿದದ್ದನ್ನು ತಾಳುವುದು ಕೋಪಕ್ಕಿಂತ ಕಷ್ಟವಾಗಿತ್ತು. ಇಷ್ಟು ದಿನ ಈ ಮನುಷ್ಯ ಅದನ್ನು ಒಬ್ಬನೇ ಹೊತ್ತಿದ್ದ.

“ಮೊದಲಿಂದ ಹೇಳಿ ಭಾವ,” ಎಂದಳು. “ನನಗೆ ನೋವಾಗುತ್ತೆ ಅಂತ ಏನೂ ಬಿಡಬೇಡಿ.”

ಓಂಕಾರೇಶ್ ಅಂಗಡಿಯ ಶಟರನ್ನು ಅರ್ಧ ಎಳೆದು, ಅವಳೆದುರು ಸ್ಟೂಲಿನ ಮೇಲೆ ಕೂತ. ಪಂಕಜಾಕ್ಷಿಯ ಕಾಲು ಮೊದಲ ಸಲ ಊದಿಕೊಂಡ ದಿನದಿಂದ ಹೇಳತೊಡಗಿದ.